ಸದ್ದಡಗಿಸಿದ ಕೈ

ಗಾಜಿನ ಕೊಳವೆಯಂಥ ಮೊದಲನೇ ವಾಲ್ವ್ ಕಿತ್ತಳು, ಗುಂಯ್ ಎನ್ನುವ ಸದ್ದು ನಿಲ್ಲಲಿಲ್ಲ. ಎರಡನೆಯದನ್ನು ಕಿತ್ತಳು, ಜಪ್ಪಯ್ಯ ಅಂದರೂ ಅಡಗಲಿಲ್ಲ. ಸುಡುತ್ತಿದ್ದ ಮೂರನೆಯದನ್ನು ಬಟ್ಟೆಯಲ್ಲಿ ಹಿಡಿದು ಹೊರಗೆಳೆದಾಗಲೂ ಹಳೇ ಗಿಟಾರ್ ಆಂಪ್ಲಿಫೈಯರ್ ತನ್ನ ಪಾಡಿಗೆ ತಾನು ಗುಂಯ್‌ಗುಡುತ್ತಲೇ ಇತ್ತು. ರಿಪೇರಿ ಅಂಗಡಿಯ ಯಜಮಾನರ ಮಗಳು ಕೈ ಒರೆಸಿಕೊಂಡು ನಕ್ಕಳು.

"ವಾಲ್ವ್‌ಗಳದ್ದೇನೂ ತಪ್ಪಿಲ್ಲ ಮೇಷ್ಟ್ರೇ. ಸದ್ದು ಬರ್ತಿರೋದು ಕರೆಂಟ್ ಒಳಗೆ ಬರೋ ಕಡೆಯಿಂದ. ಕೆಪಾಸಿಟರ್‌ಗಳು ಒಣಗಿದಾವೆ. ಅರ್ಧ ಗಂಟೆ ಕೊಡಿ."

ಗಿಟಾರ್ ಮೇಷ್ಟ್ರಿಗೆ ಅಷ್ಟು ಸುಲಭವಾಗಿ ನಂಬಿಕೆ ಬರುವಂತಿರಲಿಲ್ಲ. ಅವರ ಕಣ್ಣೆಲ್ಲ ಮೂಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಅವಳ ಅಪ್ಪನ ಮೇಲೇ ಇತ್ತು. ಹಾಡುವ ತಂಡದವರೆಲ್ಲ ಅಪ್ಪನನ್ನು ಗಪ್‌ಚುಪ್ ಯಜಮಾನ್ರು ಎಂದೇ ಕರೆಯುತ್ತಿದ್ದರು. ಎಂಥ ಕಿರಿಕಿರಿಯ ಆಂಪ್ಲಿಫೈಯರ್ ಆದರೂ ಅವರ ಕೈಗೆ ಸಿಕ್ಕರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಬೆರಳು ನಡುಗತೊಡಗಿದ ಮೇಲೆ ಅವರು ಮೇಜನ್ನು ಮಗಳಿಗೆ ಬಿಟ್ಟುಕೊಟ್ಟಿದ್ದರು, ಕುರ್ಚಿಯನ್ನು ಮಾತ್ರ ಬಿಟ್ಟಿರಲಿಲ್ಲ.

"ಇಪ್ಪತ್ತೆರಡು ವರ್ಷದ ಹಿಂದೆ ಯಜಮಾನ್ರು ಇದನ್ನ ಐದೇ ನಿಮಿಷದಲ್ಲಿ ಸರಿ ಮಾಡಿದ್ರು ಕಣಮ್ಮ. ಅಲ್ಲಿಂದ ಇಲ್ಲಿವರೆಗೆ ಬೇರೆ ಒಂದು ಕೈ ಇದನ್ನ ಮುಟ್ಟಿಲ್ಲ."

"ನಾನೂ ಅರ್ಧ ಗಂಟೆ ಅಂದೆ ಮೇಷ್ಟ್ರೇ, ಅರ್ಧ ದಿನ ಅನ್ನಲಿಲ್ಲ," ಅಂದಳು. ಅಪ್ಪನನ್ನು ಯಾರಾದರೂ ಹೊಗಳಿದರೆ ಅವಳಿಗೆ ಈಗಲೂ ಎದೆಯುಬ್ಬುತ್ತಿತ್ತು, ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೆ. ಸ್ವಿಚ್ ಆರಿಸಿ, ಒಳಗೆ ಉಳಿದಿದ್ದ ಕರೆಂಟನ್ನು ಇಳಿಸಿ, ಎರಡು ಕೆಪಾಸಿಟರ್ ಬದಲಾಯಿಸಿದಳು. ವಾಲ್ವ್‌ಗಳನ್ನು ಕೂರಿಸಿ ಮತ್ತೆ ಹಚ್ಚಿದರೆ ಗುಂಯ್ ಮಂಗಮಾಯ. ಸ್ಪೀಕರಿಗೆ ಕಿವಿಯಿಟ್ಟ ಮೇಷ್ಟ್ರು ಹುಬ್ಬೇರಿಸಿದರು.

ಸ್ಕ್ರೂ ಬಿಗಿಯುತ್ತ ಅವಳು, "ಬೇರೆ ಏನಾದ್ರೂ ತೊಂದ್ರೆ?" ಎಂದು ಕೇಳಿದಳು.

"ಏನಿಲ್ಲಮ್ಮ. ಮೊಮ್ಮಗಳು ಗಿಟಾರ್ ಹಿಡ್ಕೊಂಡು ಹಾಡೋವಾಗ ಮೈಕಿಗೆ ತುಟಿ ತಾಗಿದ್ರೆ ಚುರ್ ಅನ್ನುತ್ತಂತೆ. ಮೈಕಿಗೊಂದು ಸ್ಪಂಜಿನ ಟೋಪಿ ಹಾಕಿದೀನಿ. ಈಗ ಆರಾಮ."

ಅವಳ ಕೈ ನಿಂತಿತು. ಪ್ಲಗ್ ಕಿತ್ತು ಪೆಟ್ಟಿಗೆಯನ್ನು ಮತ್ತೆ ಬಿಚ್ಚಿದಳು. ಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ಅರ್ಥಿಂಗ್ ಪಿನ್ನಿಗೆ, ಇನ್ನೊಂದನ್ನು ಒಳಗಿನ ತಗಡಿಗೆ ಇಟ್ಟಳು. ಕುಂಯ್ ಎನ್ನಬೇಕಿದ್ದ ಮೀಟರು ಸುಮ್ಮನಿತ್ತು. ಟಾರ್ಚ್ ಹಿಡಿದು ಹಸಿರು ವೈರಿನ ಜಾಡು ಹಿಡಿದಳು. ಟ್ರಾನ್ಸ್‌ಫಾರ್ಮರಿನ ಹಿಂದೆ ಅದನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಮೇಲೆ ಮೇಣದ ದಾರ ಕಟ್ಟಿದ್ದರು. ಎರಡು ಸುತ್ತು, ಒಂದು ಚಪ್ಪಟೆ ಗಂಟು. ಆ ಗಂಟು ಹಾಕುವುದನ್ನು ಅವಳಿಗೆ ಕಲಿಸಿದ್ದು ಅಪ್ಪ. ಅರ್ಥಿಂಗ್ ಕತ್ತರಿಸುವವನು ಮೆಕ್ಯಾನಿಕ್ ಅಲ್ಲ, ಕೊಲೆಗಾರ ಎಂದು ಕಲಿಸಿದ್ದೂ ಅಪ್ಪನೇ.

ಎರಡು ನಿಮಿಷದ ಬೆಸುಗೆ. ಹಾಕಿ ಮುಚ್ಚಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಅಪ್ಪನ ಹೆಸರು ಇದ್ದ ಹಾಗೇ ಇರುತ್ತದೆ. ಆದರೆ ನಾಳೆ ಇನ್ನೆಲ್ಲೋ ಚುರ್ ಎಂದರೆ ಆ ಹುಡುಗಿ ಸ್ಪಂಜಿನ ಟೋಪಿಯನ್ನೇ ನಂಬಿಕೊಂಡು ಹಾಡುತ್ತಾಳೆ. ಮೂಲೆಯ ಕಡೆ ನೋಡದೆ ಅವಳು ಹೇಳಿಯೇಬಿಟ್ಟಳು.

"ಮೇಷ್ಟ್ರೇ, ಇದು ಅರ್ಥಿಂಗ್ ವೈರು. ಕರೆಂಟ್ ಸೋರಿದ್ರೆ ನೆಲಕ್ಕೆ ಹೋಗ್ಲಿ ಅಂತ ಇರೋದು. ಇದನ್ನ ಕತ್ತರಿಸಿದಾರೆ. ಈಗ ಸೋರಿದ್ದು ನಿಮ್ಮ ಮೊಮ್ಮಗಳ ಮೈಯಲ್ಲಿ ಹಾದು ಹೋಗ್ತಿದೆ."

"ಯಾವ ಪಾಪಿ ಅವನು!" ಎಂದು ಎದ್ದ ಮೇಷ್ಟ್ರು, ತಾವೇ ಆಡಿದ್ದ ಮಾತು ನೆನಪಾಗಿ ಗಕ್ಕನೆ ನಿಂತರು. ಮೂಲೆಯಲ್ಲಿ ಪೇಪರ್ ಮಡಚುವ ಸದ್ದಾಯಿತು.

"ನಾನೇ," ಅಂದರು ಅಪ್ಪ. "ಆವತ್ತು ಕಾರ್ಯಕ್ರಮಕ್ಕೆ ಹತ್ತು ನಿಮಿಷ ಇತ್ತು. ಮೈಕುಗಳ ಮಿಕ್ಸರಿಗೆ ಜೋಡಿಸಿದ್ರೆ ಗುಂಯ್ ಅಂತು. ಕತ್ತರಿಸಿದೆ, ನಿಂತುಹೋಯ್ತು. ನೀವೆಲ್ಲ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಕುಣಿದ್ರಿ. ನಾಳೆ ತನ್ನಿ, ಸರಿಯಾಗಿ ಮಾಡ್ಕೊಡ್ತೀನಿ ಅನ್ನೋಕೆ ಬಾಯಿ ಬರಲಿಲ್ಲ."

"ಬಿಡಿ ಯಜಮಾನ್ರೇ, ಏನೂ ಆಗಿಲ್ವಲ್ಲ. ಸದ್ದಂತೂ ಹೋಗಿತ್ತು."

"ಸದ್ದಿನ ಜೊತೆ ಹುಡುಗೀನೂ ಹೋಗ್ತಿದ್ಲು," ಅಂದಳು ಮಗಳು. ಅಪ್ಪನಿಗೆ ನೋಯಲಿ ಎಂದು ಆಡಿದ್ದಲ್ಲ. ನೋಯುತ್ತದೆಂದು ನುಂಗಿಕೊಳ್ಳಲೂ ಇಲ್ಲ.

ಹಸಿರು ವೈರನ್ನು ತಗಡಿಗೆ ಭದ್ರವಾಗಿ ಬೆಸೆದು, ಅಂಗಡಿಯ ಮಿಕ್ಸರಿಗೆ ಜೋಡಿಸಿದಳು. ಅವಳು ಎಣಿಸಿದಂತೆ, ಎರಡು ಕಡೆಯ ಅರ್ಥಿಂಗ್ ಒಂದಕ್ಕೊಂದು ಸೇರಿ ಆವತ್ತಿನ ಗುಂಯ್ ಮರಳಿ ಬಂತು. ಬೆಂಕಿಪೊಟ್ಟಣದಷ್ಟಿದ್ದ ಒಂದು ಪುಟ್ಟ ಟ್ರಾನ್ಸ್‌ಫಾರ್ಮರನ್ನು ಎರಡರ ನಡುವಿನ ಕೇಬಲ್ಲಿಗೆ ಸೇರಿಸಿದಳು. ಗುಂಯ್ ಅಲ್ಲಿಗೇ ನಿಂತಿತು.

"ಅರ್ಥಿಂಗೂ ಇದೆ, ಸದ್ದೂ ಇಲ್ಲ. ಇನ್ನು ಎಲ್ಲೇ ಚುರ್ ಅಂದ್ರೂ ಗಿಟಾರ್ ಕೆಳಗಿಟ್ಟುಬಿಡು ಅಂತ ಮೊಮ್ಮಗಳಿಗೆ ಹೇಳಿ," ಅಂದಳು. ಮೇಷ್ಟ್ರು ಕೂಸಿನಂತೆ ತಲೆಯಾಡಿಸಿದರು.

ಅಪ್ಪ ಎದ್ದು ಬಂದು ಬೆಸುಗೆಯನ್ನು ಬಗ್ಗಿ ನೋಡಿದರು. "ಚೆನ್ನಾಗಿದೆ," ಅಂದರು.

"ಇಂಥವು ಇನ್ನೆಷ್ಟಿವೆ ಅಪ್ಪ?" ಮಗಳು ಮೆಲ್ಲಗೆ ಕೇಳಿದಳು.

ಅವರು ಕನ್ನಡಕ ಏರಿಸಿಕೊಂಡು, ನಡುಗುವ ಬೆರಳಿನಿಂದ ಒಂದೊಂದೇ ಅಂಕಿ ಒತ್ತಿ ಒಬ್ಬ ಹಳೇ ಗಿರಾಕಿಗೆ ಫೋನ್ ಮಾಡಿ, ಆಂಪ್ಲಿಫೈಯರ್ ಹೇಗಿದೆ ಎಂದು ಕೇಳಿದರು. ಆ ಕಡೆಯ ದನಿ ಎಷ್ಟು ಖುಷಿಯಾಗಿತ್ತೆಂದರೆ ಮೇಜಿನವರೆಗೂ ಕೇಳಿಸುತ್ತಿತ್ತು.

"ಯಜಮಾನ್ರೇ! ಏನು ನಿಮ್ಮ ಕೈಗುಣ! ಈವತ್ತಿಗೂ ಒಂಚೂರು ಸದ್ದಿಲ್ಲ!"

"ಹಾಗಿದ್ರೆ ಅದನ್ನ ಮುಟ್ಟಬೇಡಿ," ಅಂದರು ಅಪ್ಪ.