ಮುನಿಸಿಕೊಂಡ ಗಂಟು

ಕೊಬ್ಬು ತೆಗೆಸಿದ ಮೇಲೆ ನೀಲಾಂಬಿಕೆಯ ಹೊಟ್ಟೆ ಹಳ್ಳದಿಣ್ಣೆಯ ರಸ್ತೆಯಂತಾಗಿತ್ತು. ಹಳ್ಳ ತುಂಬಲು ವಾರಗಿತ್ತಿ ಗಿರಿಜಕ್ಕ ತನ್ನ ಕೊಬ್ಬನ್ನೇ ಕೊಟ್ಟಿದ್ದಳು. ಅದನ್ನು ಹೊಟ್ಟೆಗೆ ತುಂಬಿಸಿಕೊಂಡ ಮೇಲಿನ ಊತ ಇಳಿದರೂ ಒಂದು ಗಂಟು ಮಾತ್ರ ಕಲ್ಲಿನಂತೆ ಕೂತಿತ್ತು.

ಡಾಕ್ಟರು ಒತ್ತಿ ನೋಡಿ, ಎಲ್ಲರಿಗೂ ಹೇಳುವುದನ್ನೇ ಹೇಳಿದರು: "ಕೊಟ್ಟವರು ಮುನಿಸಿಕೊಂಡಿದ್ದಾರೆ. ಅವರ ಕೋಪ ಇಳಿಯೋವರೆಗೂ ಇದು ಕರಗಲ್ಲ."

ಮೊನ್ನೆಯ ಯುಗಾದಿಗೆ ಗಿರಿಜಕ್ಕ ಬಡಿಸಿದ ಒಬ್ಬಟ್ಟನ್ನು ನೀಲಾಂಬಿಕೆ ಡಯಟ್ ಎಂದು ಎಲೆಯಲ್ಲೇ ಬಿಟ್ಟು ಎದ್ದಿದ್ದಳು. ಅದು ನೆನಪಾಗಿ, ಆಸ್ಪತ್ರೆಯಿಂದ ಮನೆಗೆ ಬಂದವಳೇ ಫೋನ್ ಮಾಡಿದಳು.

"ಅಕ್ಕಾ, ಅವತ್ತು ಬೇಜಾರಾಯ್ತಾ?"

"ಛೇ, ನಂಗ್ಯಾಕಮ್ಮ ಬೇಜಾರು?" ಗಿರಿಜಕ್ಕನ ದನಿ ಸಕ್ಕರೆಯಂತಿತ್ತು. ನೀಲಾಂಬಿಕೆ ಸೆರಗಿನಡಿ ಮುಟ್ಟಿ ನೋಡಿಕೊಂಡಳು. ಗಂಟು ಇನ್ನಷ್ಟು ಗಟ್ಟಿಯಾಗಿತ್ತು.

"ನಾಳೆ ಬರ್ತೀನಿ ಅಕ್ಕಾ, ಒಬ್ಬಟ್ಟು ಮಾಡಿ. ತುಪ್ಪ ಜಾಸ್ತಿ ಇರಲಿ."

"ಮಾಡಲ್ಲ ಹೋಗೇ! ನಂಗೇನು ಬೇರೆ ಕೆಲಸ ಇಲ್ವಾ?" ಗಿರಿಜಕ್ಕ ಗದರಿದಳು.

ಬೆರಳ ಕೆಳಗೆ ಗಂಟು ಬೆಣ್ಣೆಯಂತೆ ಕರಗತೊಡಗಿತು.