ಮೂಲಪ್ರತಿಗೆ ಬೀಗ

ತೀರಿಕೊಂಡವರ ಕುರಿತ ಮನೆಯವರ ನೆನಪನ್ನು ಕಚೇರಿಯ ಕಂಪ್ಯೂಟರಿನಲ್ಲಿ ಒಂದೇ ಮೂಲಪ್ರತಿಯಾಗಿ ಇಡುವ ಕಾಲವದು. ಮನೆಯವರಲ್ಲಿ ಯಾರೇ ಅದನ್ನು ತಿದ್ದಿದರೂ ಆ ಮನೆಯ ಎಲ್ಲರ ನೆನಪೂ ಹಾಗೆಯೇ ಬದಲಾಗುತ್ತಿತ್ತು. ಗದಗಿನ ಕಚೇರಿಗೆ ಕಾಶೀಬಾಯಿ ತನ್ನ ಗಂಡನ ಪ್ರತಿಗೆ ಬೀಗ ಹಾಕಿಸಲು ಬಂದಳು.

"ಮಕ್ಕಳು ತಿದ್ದಾಕತ್ತಾರ, ತಂಗೀ," ಎಂದಳು ಗುಮಾಸ್ತೆ ನೀಲಗಂಗಾಳಿಗೆ. "ನಮ್ಮ ಯಜಮಾನರು ಭಾಳ ಸಿಟ್ಟಿನವರಿದ್ರಂತ. ಬಾಜೂಮನಿಯಾಕಿ ಹೇಳಿದ್ಲು. ನನಗ ಅದು ನೆನಪ ಇಲ್ಲ."

"ಬೀಗ ಹಾಕಿದ್ರ ಇನ್ನ ಯಾರೂ ತಿದ್ದಾಕ ಆಗೂದಿಲ್ರೀ, ಅಮ್ಮಾರ. ಆದ್ರ ಅಳಿಸಿದ್ದು ತಿರುಗಿ ಬರೂದಿಲ್ಲ."

"ಇದ್ದಷ್ಟಾದ್ರೂ ಉಳೀಲಿ."

ಬೀಗ ಹಾಕುವ ಮುಂಚೆ ಪ್ರತಿಯನ್ನು ಒಮ್ಮೆ ಓದಿ ಹೇಳುವುದು ನಿಯಮ. ನೀಲಗಂಗಾ ಓದಿದಳು. ಆತ ಒಂದು ದಿನವೂ ದನಿ ಏರಿಸಿದವನಲ್ಲ. ಸಾರು ಉಪ್ಪಾಗಿದ್ದರೂ ನಗುತ್ತಲೇ ಉಣ್ಣುತ್ತಿದ್ದ. ಹೆಂಡತಿ ರೇಗಿದರೆ ಸುಮ್ಮನೆ ಕೂತು ಕೇಳುತ್ತಿದ್ದ.

ಕಾಶೀಬಾಯಿ ಹೆಬ್ಬೆಟ್ಟು ಒತ್ತಿದಳು. ಬೀಗ ಬಿತ್ತು. ಆದರೂ ಆಕೆ ಕುರ್ಚಿ ಬಿಟ್ಟು ಏಳಲಿಲ್ಲ. ತಾನು ಆಡಿದ ಬಿರುಮಾತುಗಳನ್ನು ಯಾರೂ ತಿದ್ದಿರಲಿಲ್ಲ. ಅವೆಲ್ಲ ಆಕೆಗೆ ಚೆನ್ನಾಗಿ ನೆನಪಿದ್ದವು.

"ಇಂಥಾ ಶಾಂತ ಮನಿಷ್ಯಾನ ಜೋಡಿ," ಎಂದಳು ಅಳುತ್ತ, "ನಾ ಯಾಕ ಜನ್ಮಪೂರ್ತಿ ಜಗಳಾಡಿದೆ, ತಂಗೀ?"