ಟವೆಲ್ ಕೆಳಗಿನ ವ್ಯಾಪಾರ

"ಗ್ಯಾಸ್ ಅಂದಾರ ಯಪ್ಪಾ. ಬರೇ ಗ್ಯಾಸ್," ಎಂದ ಹಣಮೇಶ, ಗೋಡೆ ನೋಡುತ್ತ.

"ಗ್ಯಾಸಿಗೆ ಮೂರು ಸಲ ಸ್ಕ್ಯಾನ್ ಮಾಡ್ತಾರೇನಲೇ? ನನ್ನ ಹೊಟ್ಟ್ಯಾಗೇನು ಸಿಲಿಂಡರ್ ಐತೇನು?" ಹುಲ್ಲಪ್ಪ ಗಂಜಿಯ ಬಟ್ಟಲನ್ನು ಅತ್ತ ಸರಿಸಿದ.

ಬಾಗಲಕೋಟೆಯ ಡಾಕ್ಟರು ಹೇಳಿದ್ದು ಬೇರೆ. ಲಿವರ್ ಕ್ಯಾನ್ಸರ್, ಕೈ ಮೀರಿದೆ, ಬಹಳ ಅಂದರೆ ನಾಲ್ಕು ತಿಂಗಳು. ಕೇಳಿದವರು ಹಣಮೇಶ ಮತ್ತು ಅವನ ತಂಗಿ ದಾನಮ್ಮ ಇಬ್ಬರೇ. ಹೊರಗೆ ಬಂದವಳೇ ದಾನಮ್ಮ, ಮೂರು ತಿಂಗಳ ಬಸುರಿ, ದವಾಖಾನೆಯ ಮೆಟ್ಟಿಲ ಮೇಲೇ ಬೀರಪ್ಪ ದೇವರ ಭಂಡಾರದ ಅರಿಶಿನದ ಪೊಟ್ಟಣ ಬಿಚ್ಚಿ, ಅಪ್ಪನ ಮುಂದಾಗಲಿ ಅವ್ವನ ಮುಂದಾಗಲಿ ಬಾಯಿ ಬಿಡುವುದಿಲ್ಲ ಎಂದು ಅಣ್ಣನಿಂದ ಆಣೆ ಮಾಡಿಸಿದ್ದಳು. ದೇವರಿಗಿಂತ ತಂಗಿಗೇ ಹೆಚ್ಚು ಹೆದರುವ ಹಣಮೇಶ ಹೂಂ ಅಂದಿದ್ದ. ಈಗ ಅವಳು ಮಾತ್ರೆ ತರಲು ಕುಳಗೇರಿ ಕ್ರಾಸಿಗೆ ಹೋಗಿದ್ದಳು. ಮುದುಕ ಅದೇ ಹೊತ್ತು ಕಾದು ಕೂತಿದ್ದ.

"ಎಂಟು ದಿನ ಆತು, ನೀನೂ ದಾನವ್ವನೂ ಜಗಳ ಆಡಿಲ್ಲ," ಎಂದ ಹುಲ್ಲಪ್ಪ. "ಹುಟ್ಟಿದಾಗಿಂದ ನಾಯಿ-ಬೆಕ್ಕಿನಂಗ ಕಚ್ಚಾಡಿದವ್ರು, ಈಗ ತಂಗೀ ಚಾ ಕುಡೀ, ಅಣ್ಣಾ ಉಂಡೇನು! ಒಂದೋ ನಿಮಗ ಹುಚ್ಚು ಹಿಡದೈತಿ, ಇಲ್ಲಾ ನಾ ಸಾಯಾಕತ್ತೇನಿ. ಯಾವುದು?"

"ಆಣಿ ಮಾಡೇನಿ ಯಪ್ಪಾ. ಬಾಯಿ ಬಿಡಾಕ ಬರೂದಿಲ್ಲ."

"ಬಿಡಬ್ಯಾಡ. ಯಾರು ಬಿಡಂದ್ರು?" ಹುಲ್ಲಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಬಲಗೈ ಮೇಲೆ ಹೊದಿಸಿಕೊಂಡ. "ಕೈ ಕೊಡು."

ಕುರಿ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಕೆಳಗೆ ಕೈಗೆ ಕೈ ಸೇರಿಸಿ, ದರ ಎಷ್ಟೋ ಅಷ್ಟು ಬೆರಳು ಹಿಡಿಯುತ್ತಾರೆ, ಪಕ್ಕದವನಿಗೂ ತಿಳಿಯಬಾರದು. ಹುಲ್ಲಪ್ಪ ನಲವತ್ತು ವರ್ಷದಿಂದ ದಲ್ಲಾಳಿ. ಬಾಯಿ ಬಿಟ್ಟರೆ ಕುಂಟ ಕುರಿಯನ್ನು ಕುದುರೆ ಎಂದು ಮಾರಬಲ್ಲ ಆಸಾಮಿ, ಟವೆಲ್ ಕೆಳಗೆ ಮಾತ್ರ ಒಮ್ಮೆಯೂ ಸುಳ್ಳು ಹಿಡಿದವನಲ್ಲ. ಮಗನಿಗೆ ಕಲಿಸಿದ್ದೂ ಅದನ್ನೇ.

"ತಿಂಗಳ ಲೆಕ್ಕ," ಎಂದ ಮುದುಕ. "ಹಿಡಿ."

ಹಣಮೇಶ ಕೈ ತೂರಿಸಿದ. ಅಪ್ಪನ ಕೈ ಬರೀ ಎಲುಬಾಗಿತ್ತು. ಹತ್ತು ಹಿಡಿಯಲೇ, ಇಪ್ಪತ್ತು ಹಿಡಿಯಲೇ ಎಂದು ಮನಸ್ಸು ಹೊಯ್ದಾಡಿತು. ಆಗಲಿಲ್ಲ. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು ಹಿಡಿದ. ಹಿಡಿದವನಿಗೆ ಅಳು ತಡೆಯಲಾಗಲಿಲ್ಲ.

ಹುಲ್ಲಪ್ಪ ಆ ನಾಲ್ಕನ್ನು ಎಣಿಸಿಕೊಂಡ. ಆಮೇಲೆ ಅವನ ಕೈ ಹೊರಳಿತು. ಮಗನ ಐದೂ ಬೆರಳು ಹಿಡಿದು ಬಿಟ್ಟು, ಮತ್ತೆ ಒಂದನ್ನು ಒತ್ತಿತು.

"ಯಪ್ಪಾ, ಇದೇನು ಚೌಕಾಸಿ!"

"ದಾನವ್ವ ಹಡಿಯಾಕ ಆರು ಬೇಕಲೇ. ಕೂಸಿನ ಮಾರಿ ನೋಡಬ್ಯಾಡೇನು ನಾ?"

"ನಾ ಏನು ಮಾಡ್ಲಿ? ನಾ ಬರೇ ದಲ್ಲಾಳಿ."

"ಹಂಗಾರ ಮಾಲಕರನ್ನ ಕರಿ."

ಕರೆಯಬೇಕಾಗಲಿಲ್ಲ. ಅವ್ವ ರಂಗವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಒಳಗಿಂದ ಬಂದು ಬಾಗಿಲಲ್ಲಿ ನಿಂತಿದ್ದಳು, ಕೈತುಂಬ ಜೋಳದ ಹಿಟ್ಟು.

"ಏನು ಮಾರಾಕತ್ತೀರಿ ಅಪ್ಪ ಮಗ?"

ಹಣಮೇಶ ಗಡಬಡಿಸಿ ಕಣ್ಣೊರೆಸಿಕೊಂಡ. ಹುಲ್ಲಪ್ಪ ಕಣ್ಣು ಮಿಟುಕಿಸಲಿಲ್ಲ. "ಒಂದು ಮುದಿ ಹೋತ," ಎಂದ.

"ಕೇಳ್ತು. ಒಲಿ ಮುಂದ ಕುಂತಾಕಿ ಕಿವುಡಿ ಅಲ್ಲ ನಾ. ಸರಿಯಲೇ ಅಳಬುರುಕ." ರಂಗವ್ವ ಮಗನ ಕೈಯನ್ನು ಟವೆಲ್ಲಿನಿಂದ ಕಿತ್ತು ಹೊರಗೆ ಹಾಕಿ, ತಾನು ಕೂತು, ಹಿಟ್ಟಿನ ಕೈಯನ್ನೇ ಒಳಗೆ ತೂರಿಸಿ, ಗಂಡನ ಇಡೀ ಅಂಗೈಯನ್ನು ಗಟ್ಟಿಯಾಗಿ ಹಿಡಿದಳು.

ಹುಲ್ಲಪ್ಪ ಹುಬ್ಬೇರಿಸಿದ. "ಇದೆಷ್ಟಾತು?"

"ನಿಮ್ಮ ಬೆರಳಿನ ಲೆಕ್ಕ ನನಗ ಬರೂದಿಲ್ಲ," ಎಂದಳು ರಂಗವ್ವ, ಕೈ ಬಿಡದೆ. "ಹೋತ ನಂದು. ನಾ ಮಾರೂದಿಲ್ಲ."